ಆಣೆ ಕೇಳದ ಮಾಸ್ತರು

ನಮ್ಮ ಮನೆಯವರು ಜೀವಮಾನದಲ್ಲಿ ಯಾರನ್ನೂ ‘ಇದನ್ನ ನೀ ಮಾಡಿಯೇನು?’ ಎಂದು ಕೇಳಿದವರಲ್ಲ. ಹಾಲು ಉಕ್ಕಿದರೆ ಒಲೆ ನೋಡುತ್ತಿದ್ದರು, ಕಪ್ಪು ಒಡೆದರೆ ಚೂರು ನೋಡುತ್ತಿದ್ದರು, ಎದುರಿಗೆ ನಿಂತವರ ಮುಖ ಮಾತ್ರ ನೋಡುತ್ತಿರಲಿಲ್ಲ. “ಸಾಕ್ಷಿ ಎಲ್ಲದ?” ಎಂಬುದು ಅವರ ಬಾಯಿಗೆ ಅಂಟಿದ ಮಾತು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ನಾನೇ ಹೇಳಿದರೂ ಒಂದು ತುತ್ತು ತಿಂದು, “ಈಗ ಸಾಕ್ಷಿ ಸಿಕ್ತು” ಎನ್ನುವರು.

ಅಫಜಲಪುರಕ್ಕೆ ಅವರು ದೌಲತರಾಯ ಮಾಸ್ತರು. ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ಬೇರೆ ಬೇರೆ ದೇಶಗಳ ಸಂವಿಧಾನ ಕಲಿಸುತ್ತಿದ್ದರು. ಬೇಸಿಗೆಯಲ್ಲೂ ಬೂದಿ ಬಣ್ಣದ ಕೋಟು ಬಿಡಲಿಲ್ಲ. ಸೀಮೆಸುಣ್ಣ ಇಟ್ಟು ಇಟ್ಟು ಅದರ ಬಲಗಡೆ ಜೇಬು ಒಳಗೆಲ್ಲ ಬೆಳ್ಳಗಾಗಿತ್ತು. ಕೈ ಹಿಂದೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದು ನಿಲ್ಲುವರು, ಏನೋ ನೆನೆದು ಮತ್ತೆ ನಾಲ್ಕು ಹೆಜ್ಜೆ. ಅವರ ಜೊತೆ ಹೊರಟರೆ ಬಸ್ಸು ತಪ್ಪುವುದು ಖಾತ್ರಿ.

ಸೊಲ್ಲಾಪುರ ದಾಟದ ಮನುಷ್ಯ, ಅಮೆರಿಕದ ಕಾನೂನನ್ನು ತಮ್ಮ ಹೊಲದ ಬದುವಿನಷ್ಟು ಬಲ್ಲವರಾಗಿದ್ದರು. ನಾನು ರೊಟ್ಟಿ ಬಡಿಯುವಾಗ ಎದುರು ಕೂತು ಮರುದಿನದ ಪಾಠ ಒಪ್ಪಿಸುವರು. ನಾನು ಓದಿದ್ದು ನಾಲ್ಕನೆಯ ಇಯತ್ತೆ; ಆದರೂ ಕೆಲವು ಮಾತು ತಲೆಯಲ್ಲಿ ಉಳಿದವು. ಕಾಯ್ದೆ ಮಾಡುವವನೇ ನ್ಯಾಯ ಹೇಳಬಾರದು. ಅಧಿಕಾರ ಜನ ಒಪ್ಪಿ ಕೊಟ್ಟದ್ದು, ಆಳುವವನ ಸ್ವಂತದ್ದಲ್ಲ. ಸರ್ಕಾರ ಕಟ್ಟಿದ ಮೇಲೂ ಅದನ್ನು ಪೂರ್ತಿ ನಂಬದೆ ಅಲ್ಲಿಯವರು ಹತ್ತು ತಿದ್ದುಪಡಿ ಸೇರಿಸಿ ಅದರ ಕೈ ಕಟ್ಟಿದರು. ಐದನೆಯದರಲ್ಲಿ, ಯಾರನ್ನೂ ತನ್ನ ಮೇಲೆ ತಾನೇ ಸಾಕ್ಷಿ ಹೇಳೆಂದು ಬಲವಂತ ಮಾಡಬಾರದು ಎಂದಿದೆ. ಅಲ್ಲಿಗೆ ಬಂದಾಗ ಅವರ ದನಿ ಸಣ್ಣಗಾಗುತ್ತಿತ್ತು. “ನಮ್ಮವರೂ ಇದನ್ನ ಬರಕೊಂಡಾರ. ಬರದು ಕಪಾಟಿನಾಗ ಇಟ್ಟಾರ.”

ಎಂಬತ್ತೆರಡನೆಯ ಇಸವಿಯಲ್ಲಿ ಅವರ ಹುಟ್ಟೂರು ಮಟಕಿಯ ಹಿರಿಯರ ಮನೆಯಲ್ಲಿ ನಾದಿನಿಯ ನಿಶ್ಚಯ. ಆ ದಿನ ನನ್ನ ನೆಗೆಣ್ಣಿ ಸುಭದ್ರಾಬಾಯಿಯ ಬಂಗಾರದ ಬೋರಮಾಳ ಸರ ಕಾಣೆಯಾಯಿತು. ಆಕೆಯ ಗಂಡ, ನಮ್ಮ ಭಾವ ಶಿವರಾಯರು, ದೇವರ ಜಗಲಿಯಿಂದ ವಿಭೂತಿ ತಟ್ಟೆ ತಂದು ನಡುಮನೆಯಲ್ಲಿಟ್ಟರು. ಎಲ್ಲರೂ ಮುಟ್ಟಿ ಆಣೆ ಮಾಡಬೇಕು; ಮುಟ್ಟದವರೇ ಕಳ್ಳರು. ಆ ಮನೆಯಲ್ಲಿ ಹಾಗೇ ನಡೆದು ಬಂದಿತ್ತು. ಅಣ್ಣನ ಮೇಲಿನ ಗೌರವಕ್ಕೆ ಇವರೂ ಮುಟ್ಟಿದರು. ನನ್ನ ಸರದಿ ಬಂದಾಗ ನೆಗೆಣ್ಣಿ, “ಬಡವರ ಮನಿಯಿಂದ ಬಂದಾಕಿ, ಆಕಿ ಕೈ ಚೊಲೋತ್ನಾಗಿ ನೋಡ್ರಿ” ಎಂದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಯಾಕವ್ವಾ, ಮುಟ್ಟಂಗಿಲ್ಲೇನು?” ಭಾವ ಕೇಳಿದರು.

“ಮುಟ್ಟಂಗಿಲ್ಲ ರೀ.”

ಇವರು ಎದ್ದರು. “ಮುಟ್ಟಲಿಲ್ಲಂದ್ರ ಮುಟ್ಟಲಿಲ್ಲ, ಅಷ್ಟೆ. ಕದ್ದಾಳಂತ ಆಗಲಿಲ್ಲ. ಸಾಕ್ಷಿ ಎಲ್ಲದ, ಅಣ್ಣಾ?”

“ಹೇಣ್ತಿ ಸಲುವಾಗಿ ಅಮೆರಿಕಾ ತರಬ್ಯಾಡೋ ತಮ್ಮಾ. ಇದು ಮಟಕಿ.”

“ಹೋದದ್ದು ನಿಮ್ಮ ಮನಿಯವ್ರ ಸರ, ನ್ಯಾಯ ಹೇಳಾಕತ್ತವ್ರು ನೀವು. ಅದು ಮಟಕ್ಯಾಗೂ ನಡೀಬಾರದು.” ಹಾಗೆಂದವರು ಬೆರಳಿಗೆ ಹತ್ತಿದ್ದ ವಿಭೂತಿಯನ್ನು ಕೋಟಿನ ಜೇಬಿನಲ್ಲಿ ಒರೆಸಿಕೊಂಡರು. “ನಾ ಮುಟ್ಟಿದ್ದೂ ತಪ್ಪಾತು. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಉಣ್ಣದೆ ಬಸ್ಸು ಹತ್ತಿದೆವು. ಆಳಂದದವರೆಗೆ ಕಾದೆ, ಈಗ ಕೇಳುವರು ಎಂದು. ಕೇಳಲಿಲ್ಲ. ಅಫಜಲಪುರ ಬಂದರೂ ಕೇಳಲಿಲ್ಲ. ನನಗೆ ಸಿಟ್ಟು ಬಂತು.

“ತೊಗೊಂಡಿಯೇನಂತ ಒಂದು ಮಾತು ಕೇಳಬಾರದೇನ್ರಿ?”

“ಕೇಳಿದ್ರ ನೀ ಹೇಳಬೇಕಾಗ್ತದ. ಗಂಡನ ಮುಂದ ‘ಹೇಳಂಗಿಲ್ಲ’ ಅನ್ನೂ ಹೆಣ್ಣಮಗಳು ನಮ್ಮ ಕಡಿ ಎಲ್ಲಿದ್ದಾಳ?”

ಸರ ಸಿಗಲೇ ಇಲ್ಲ. ಎರಡು ವರ್ಷ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಅಣ್ಣನನ್ನು ತಂದೆಯಂತೆ ಕಂಡವರು, ಒಳಗೇ ಕೊರಗಿದರು. ಮೂರನೆಯ ವರ್ಷ ಭಾವ ತಾವಾಗಿಯೇ ಶೇಂಗಾ ಚೀಲ ಹೊತ್ತು ಬಂದರು, ಉಂಡರು, ಆ ಮಾತು ಎತ್ತಲಿಲ್ಲ. ತಟ್ಟೆ ಮತ್ತೆ ಜಗಲಿ ಬಿಟ್ಟು ಇಳಿಯಲಿಲ್ಲವೆಂದು ನಾದಿನಿ ಹೇಳಿದಳು. ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಆದರೆ ನನಗೊಂದು ಮುಳ್ಳು ಉಳಿದಿತ್ತು: ಇವರು ಒಳಗೆ ಏನು ತಿಳಿದಿದ್ದಾರೋ.

ತೊಂಬತ್ತಾರನೆಯ ಇಸವಿಯಲ್ಲಿ ಇವರು ಹಾಸಿಗೆ ಹಿಡಿದರು. ಒಂದು ಮುಂಜಾನೆ ಗಂಜಿ ಕುಡಿಸುತ್ತ ನಾನೇ ಹೇಳಿದೆ. “ಆ ಬೋರಮಾಳ ನಾ ತೊಗೊಂಡಿಲ್ಲ ರೀ.”

“ನಿನಗ ಯಾರು ಕೇಳಿದ್ರು?” ಎಂದು ನಕ್ಕರು. ಗಂಜಿ ಗದ್ದಕ್ಕಿಳಿಯುವಷ್ಟು ನಕ್ಕರು. ಹದಿನಾಲ್ಕು ವರ್ಷದ ಮುಳ್ಳು ಆ ನಗುವಿನಲ್ಲಿ ಹೋಯಿತು. ನಾಲ್ಕು ದಿನಕ್ಕೆ ಅವರೂ ಹೋದರು.

ಕೋಟು ಗೂಟದಲ್ಲಿದೆ. ಒಗೆದಿಲ್ಲ. ಪುಸ್ತಕದ ಮಾತನ್ನು ಮನೆಯೊಳಗೆ ತರುವವರು ಕಡಿಮೆ. ತಂದವರ ಜೊತೆ ಬಾಳುವುದು ಸುಲಭವೂ ಅಲ್ಲ. ಏನೂ ಕೇಳದೆ, ನಾವು ತಪ್ಪು ಮಾಡಿಲ್ಲ ಎನ್ನುವುದಕ್ಕೂ ಅವರು ಜಾಗ ಬಿಡುವುದಿಲ್ಲ. ಆದರೆ ಅಂಥವರ ಮುಂದೆ ಬಾಯಿ ಬಿಟ್ಟು ಹೇಳಿದ್ದೆಲ್ಲ ನಾವಾಗಿಯೇ ಹೇಳಿದ್ದು.