ಮರಗಸಿಗೆ ಅಪ್ಪಣೆ

ತನುಜಾಳಿಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಫಿ ಕಣದ ತುದಿಗೆ ಹೋಗಿ ಪಡುವಣದ ಮೋಡ ನೋಡುವುದು, ತಿರುಗಿ ಬಂದು ಜಗಲಿಯ ಮೇಲಿಟ್ಟ ಫೋನ್ ನೋಡುವುದು, ಇದೇ ಕೆಲಸ. ಮೋಡ ಕಪ್ಪಾಗುತ್ತಿತ್ತು. ಫೋನ್ ಸುಮ್ಮನಿತ್ತು. ಕಣದಾಚೆ ಮರ ಹತ್ತುವ ಆಳುಗಳು ಹಗ್ಗ, ಕತ್ತಿ ಕೆಳಗಿಟ್ಟು ಎಲೆಅಡಿಕೆ ಹಾಕುತ್ತ ಕೂತಿದ್ದರು.

"ಅಮ್ಮಾವ್ರೇ, ಇವತ್ತಾದ್ರೂ ಹತ್ತಿಸ್ಲಾ?" ಎಂದ ಮೇಸ್ತ್ರಿ ಚೆನ್ನಪ್ಪ. "ನಾಳೆಯಿಂದ ಇವ್ರನ್ನ ಕಳಸದ ಕಡೆಯೋರು ಕರೀತಾ ಇದಾರೆ. ಆಮೇಲೆ ನನ್ನ ಕೇಳ್ಬೇಡಿ."

"ಸ್ವಲ್ಪ ತಡಿ ಮಾರಾಯ. ಒಂದು ಫೋನ್ ಬರೋದಿದೆ."

"ಮಳೆಗೂ ಅದನ್ನೇ ಹೇಳಿ ಹಂಗಾದ್ರೆ," ಎಂದು ಚೆನ್ನಪ್ಪ ಅತ್ತ ತಿರುಗಿದ.

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಮಳೆ ಹಿಡಿಯುವ ಮುಂಚೆ ಮರಗಸಿ ಆಗಲೇಬೇಕು. ನೆರಳಿನ ಮರಗಳ ಕೊಂಬೆ ಸವರಿ ಕೆಳಗಿನ ಕಾಫಿ ಗಿಡಕ್ಕೆ ಬೆಳಕು, ಗಾಳಿ ಬಿಡಬೇಕು. ಬಿಡದಿದ್ದರೆ ಗಿಡ ಉಸಿರುಕಟ್ಟಿ, ಕೊಳೆರೋಗ ಹತ್ತಿ, ಕಾಯೆಲ್ಲ ಉದುರಿ ಮಣ್ಣುಪಾಲು. ಬಾಳೂರಿನಲ್ಲಿ ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಆ ಹಾಳು ಯಂತ್ರಕ್ಕೆ ಮಾತ್ರ.

ಹೋದ ವರ್ಷ ಮರಗಸಿ ಮುಗಿದ ಹೊಸದರಲ್ಲೇ ಉಪಗ್ರಹವೊಂದು ಮೇಲಿನಿಂದ ತೋಟದ ಫೋಟೋ ಹೊಡೆದಿತ್ತು. ಕಾಡು ಕಡಿದು ಬೆಳೆದ ಕಾಫಿಯನ್ನು ಒಳಗೆ ಬಿಡಬಾರದೆಂದು ಕೊಳ್ಳುವವರ ದೇಶದಲ್ಲಿ ಕಾನೂನು. ಒಳ್ಳೆಯ ಕಾನೂನೇ, ಬೇಡ ಅಂದವರು ಯಾರು! ಆದರೆ ಫೋಟೋ ನೋಡಿ ತೀರ್ಪು ಕೊಡುವುದು ಮತ್ಯಾವುದೋ ದೇಶದ ಕಂಪನಿಯ ಕೃತಕ ಬುದ್ಧಿ. ಸವರಿದ ಮರಗಳನ್ನು ಕಂಡು ಅದು 'ಕಾಡು ನಾಶ' ಎಂದು ತೋಟಕ್ಕೆ ಕೆಂಪು ಗುರುತು ಹಾಕಿಬಿಟ್ಟಿತು. ತನುಜಾಳ ಕಾಫಿ ಮಾರಾಟವಾಗದೆ, ಬೀಜ ಹದಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲೇ ಉಳಿಯಿತು. ಅವಳ ಅತ್ತೆ ಮುದ್ದಮ್ಮನಂತೂ ಸುದ್ದಿ ಕೇಳಿ ಎರಡು ಹೊತ್ತು ಊಟ ಬಿಟ್ಟಿದ್ದರು. "ನೆರಳಿಗಿರೋ ಆ ಅತ್ತಿಮರ ನಾನು ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು ಕಣೇ. ನಾನು ಕಾಡು ಕಡಿದೋಳಾ?"

ಗಂಡ ತೀರಿಕೊಂಡ ಮೇಲೆ ತೋಟದ ಜವಾಬ್ದಾರಿಯೆಲ್ಲ ತನುಜಾಳದೇ. ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಕಾಫಿ ರಫ್ತು ಮಾಡುವ ರಾಜೀವನ ಬೆನ್ನು ಹತ್ತಿ ಆ ಕಂಪನಿಗೆ ತಕರಾರು ಹಾಕಿಸಿದಳು. ಅಲ್ಲಿಂದ ಫೋನ್ ಮಾಡತೊಡಗಿದವಳೇ ನಾಗಶ್ರೀ.

ಎಂಥ ಹುಡುಗಿ ಅಂತೀರಿ! ಅಚ್ಚ ಕನ್ನಡ, ಬೆಣ್ಣೆಯಂಥ ದನಿ. ತನುಜಾ ಫೋನಿನ ಕ್ಯಾಮೆರಾ ತೆರೆದು ತೋಟವೆಲ್ಲ ಸುತ್ತಿ, ಹಾಲವಾಣ, ಬಸರಿ, ಅತ್ತಿ ಎಂದು ಒಂದೊಂದೇ ಮರ ತೋರಿಸಿದರೂ ಬೇಸರಿಸಲಿಲ್ಲ. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ತನುಜಾ ಅವರೇ," ಎನ್ನುತ್ತಿದ್ದಳು. "ಪರಿಶೀಲನೆ ಮುಗಿಯುವವರೆಗೆ ಒಂದು ಕೊಂಬೆಯನ್ನೂ ಕಡಿಯಬೇಡಿ. ಹೊಸ ಚಿತ್ರದಲ್ಲಿ ಹಸಿರು ಕಂಡರೆ ಕೆಂಪು ಗುರುತು ಹೋಗಬಹುದು." ಆ ಮಾತು ನಂಬಿಯೇ ತನುಜಾ ಕತ್ತಿಗಳನ್ನು ಕೆಳಗಿಡಿಸಿದ್ದು. ಮುದ್ದಮ್ಮನಿಗೆ ಆ ಹುಡುಗಿಯ ಮೇಲೆ ಎಷ್ಟು ಅಕ್ಕರೆ ಬಂತೆಂದರೆ, ತಾವೇ ಹುರಿದು ಬೀಸಿದ ಕಾಫಿಪುಡಿಯ ಪೊಟ್ಟಣವೊಂದನ್ನು ಅವಳಿಗೆಂದು ಕಟ್ಟಿಟ್ಟಿದ್ದರು. ಕಳಿಸಲು ವಿಳಾಸವೊಂದು ಬೇಕಿತ್ತು, ಅಷ್ಟೆ.

ಫೋನ್ ಹೊಡೆದುಕೊಂಡಿತು. ತನುಜಾ ಓಡಿದಳು. ನಾಗಶ್ರೀ ಅಲ್ಲ, ರಾಜೀವ.

"ಅಕ್ಕಾ, ಒಂದು ವಿಚಿತ್ರ. ನಿನ್ನೆ ಬೆಳಿಗ್ಗೆ ನೀವು ನಾಗಶ್ರೀ ಹತ್ರ ಮಾತಾಡ್ತಾ ಇದ್ರಲ್ಲ, ಅದೇ ಹೊತ್ತಿಗೆ ದೇವರಮನೆ ಊರಿನ ಕಡೆ ತೋಟದ ಶಶಿಧರ್ ಅವ್ರ ಹತ್ರಾನೂ ಮಾತಾಡ್ತಾ ಇದ್ಲಂತೆ. ಅದೇ ನಾಗಶ್ರೀ, ಅದೇ ದನಿ."

"ಅಂದ್ರೆ?"

"ಅಂದ್ರೆ ಏನ್ ಹೇಳ್ಲಿ ಅಕ್ಕಾ. ಆ ಕಂಪನಿಯೋರ ದೇಶದಲ್ಲಿ, ಮಾತಾಡ್ತಿರೋದು ಯಂತ್ರ ಆದ್ರೆ ಯಂತ್ರ ಅಂತ ಹೇಳ್ಲೇಬೇಕಂತೆ. ಯಂತ್ರ ಕೊಟ್ಟ ತೀರ್ಪು ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಮನುಷ್ಯರೇ ನೋಡ್ಬೇಕು ಅಂತ ಕೇಳೋಕೂ ಹಕ್ಕಿದೆಯಂತೆ."

"ನಮಗೆ?"

"ಅದೇ ಗೊತ್ತಾಗ್ತಿಲ್ಲ. ನೀವೇ ಕೇಳಿ ನೋಡಿ."

ತನುಜಾ ಮತ್ತೆ ಕಣದ ತುದಿಗೆ ಹೋದಳು, ಬಂದಳು. ಇಷ್ಟು ದಿನದ ಮಾತುಗಳೆಲ್ಲ ತಲೆಯಲ್ಲಿ ಗಿರಗಿರ ತಿರುಗಿದವು. "ಕಾಫಿ ಆಯ್ತಾ ನಾಗಶ್ರೀ?" ಎಂದು ಪ್ರತಿ ಸಲವೂ ಕೇಳಿದ್ದಳು. "ಕೇಳಿದ್ದಕ್ಕೆ ಧನ್ಯವಾದಗಳು," ಎಂದು ಪ್ರತಿ ಸಲವೂ ಉತ್ತರ. ಆಯ್ತು ಅನ್ನಬೇಕು, ಇಲ್ಲ ಇನ್ನೂ ಆಗಿಲ್ಲ ಅನ್ನಬೇಕು. ಕಾಫಿಗೆ ಯಾರಾದರೂ ಧನ್ಯವಾದ ಹೇಳುತ್ತಾರೆಯೇ? ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡಳು.

ದೂರದಲ್ಲಿ ಗುಡುಗಿತು. ಆಗಲೇ ಫೋನ್ ಮತ್ತೆ ಬಂತು.

"ನಮಸ್ಕಾರ ತನುಜಾ ಅವರೇ, ನಾನು ನಾಗಶ್ರೀ. ನಿಮ್ಮ ಪರಿಶೀಲನೆ ಇನ್ನೂ ನಡೆಯುತ್ತಿದೆ. ದಯವಿಟ್ಟು ಕಾಯಿರಿ."

"ಇಲ್ಲಿ ಮಳೆ ಕಾಯಲ್ಲಮ್ಮ. ಅದಿರಲಿ, ನಾನೊಂದು ಕೇಳ್ತೀನಿ, ನಿಜ ಹೇಳು. ನೀನು ಮನುಷ್ಯಳಾ?"

ಅತ್ತಕಡೆಯಿಂದ ಅದೇ ಬೆಣ್ಣೆಯ ದನಿ: "ನಿಮ್ಮ ದೇಶದಲ್ಲಿ ಕರೆ ಸ್ವೀಕರಿಸುವವರಿಗೆ ಆ ಮಾಹಿತಿ ನೀಡುವ ಸೌಲಭ್ಯವಿಲ್ಲ."

"ಹಾಗಾದ್ರೆ ಯಾರಾದ್ರೂ ಮನುಷ್ಯರಿಗೆ ಫೋನ್ ಕೊಡು. ಬೈಯೋರಾದ್ರೂ ಸರಿ."

"ಆ ಸೌಲಭ್ಯವೂ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ."

ತನುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಮರ ಈ ಮರ ಎಂದು ಇದಕ್ಕಾ ತೋರಿಸಿದ್ದು? ಸತ್ತ ಗಂಡನ ವಿಷಯವನ್ನೂ ಇದರ ಮುಂದೆ ಹೇಳಿಕೊಂಡು ಒಂದು ದಿನ ಅತ್ತುಬಿಟ್ಟಿದ್ದಳು. ಅದು ನೆನಪಾಗಿ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಫೋನ್ ಕತ್ತರಿಸಿ ಜಗಲಿಯ ಮೇಲೆ ಬೋರಲು ಹಾಕಿದಳು.

"ಚೆನ್ನಪ್ಪಾ! ಹತ್ತಿಸು."

"ಅಪ್ಪಣೆ ಬಂತಾ ಅಮ್ಮಾವ್ರೇ?"

"ನಾನು ಕೊಟ್ಟೆ. ಹತ್ತಿಸು ಅಂದೆನಲ್ಲ!"

ಆಳುಗಳು ದಡಬಡನೆ ಎದ್ದರು. ಹಗ್ಗ ಮೇಲೇರಿತು. ಮೊದಲ ಕೊಂಬೆ ಮುರಿದು ಬಿದ್ದಾಗ ತನುಜಾ ತಲೆಯೆತ್ತಿ ಆಕಾಶ ನೋಡಿದಳು. ಈ ವರ್ಷವೂ ಕೆಂಪು ಗುರುತೇ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅಷ್ಟಗಲ ಬೆಳಕು ಕೆಳಗಿನ ಗಿಡಗಳ ಮೇಲೆ ಬಿದ್ದಿತ್ತು.

ಸದ್ದು ಕೇಳಿ ಮುದ್ದಮ್ಮ ಹೊರಗೆ ಬಂದರು. ಕೈಯಲ್ಲಿ ಆ ಪೊಟ್ಟಣವಿತ್ತು. "ಒಪ್ಪಿದ್ಲಾ ಹುಡುಗಿ? ಒಳ್ಳೇದಾಯ್ತು. ವಿಳಾಸ ಬರ್ಕೊಂಡ್ಯಾ?"

"ಅದು ಹುಡುಗಿ ಅಲ್ಲ ಅತ್ತೆ. ಯಂತ್ರ."

ಮುದ್ದಮ್ಮ ನಂಬಲಿಲ್ಲ. ಸೊಸೆಯ ಮುಖ ನೋಡಿದರು, ಬೋರಲು ಬಿದ್ದ ಫೋನ್ ನೋಡಿದರು. ಪೊಟ್ಟಣಕ್ಕೆ ಸುತ್ತಿದ್ದ ದಾರವನ್ನು ಬೆರಳಿನಿಂದ ಸವರುತ್ತ ಮೆಲ್ಲಗೆ ಕೇಳಿದರು:

"ಮತ್ತೆ ಆ ಅತ್ತಿಮರ ನಾನು ನೆಟ್ಟಿದ್ದು ಅಂತ ಅಲ್ಲಿ ಯಾರಿಗೂ ಗೊತ್ತೇ ಇಲ್ವೇನೇ?"