ರಾಣಿಯ ತುರುಬು

೨೦೧೪ರ ಚಳಿಗಾಲವಿಡೀ ಚಾಮರಾಜ ಸ್ವಾನ್ ವ್ಯಾಲಿಯ ದ್ರಾಕ್ಷಿತೋಟವೊಂದರಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಚ್ಚನ ಹಾಗೆ ಅಲೆದಿದ್ದ. ಸಿಕ್ಕಿದ್ದೆಲ್ಲ ಬಿಯರ್ ಬಾಟಲಿಯ ಮುಚ್ಚಳ, ತುಕ್ಕು ತಿಂದ ಮೊಳೆ. ಕೊನೆಗೊಂದು ಶನಿವಾರ ವಿಕ್ಟೋರಿಯಾ ರಾಣಿಯ ಕಾಲದ ತಾಮ್ರದ ಪೆನ್ನಿ ಸಿಕ್ಕಿತು. ಮೈತುಂಬ ಹಸಿರು ಕಿಲುಬು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ರಾಣಿಯ ಮೂಗು, ತುರುಬು ಕಾಣುತ್ತಿದ್ದವು. ಇಂಥ ನಾಣ್ಯವನ್ನು ಉಜ್ಜಬಾರದು, ಆ ಕಿಲುಬಿನಲ್ಲೇ ಅದರ ಮುಖ ಉಳಿದಿರುತ್ತದೆ. ಮಣ್ಣು ತಾನಾಗಿ ಬಿಡಲಿ ಎಂದು ಅದನ್ನು ಬಟ್ಟಲು ನೀರಿಗೆ ಹಾಕಿ, ಎಲೆನ್‌ಬ್ರೂಕಿನ ತನ್ನ ಮನೆಯ ಸಿಂಕಿನ ಪಕ್ಕದಲ್ಲಿಟ್ಟು ಮಲಗಿದ.

ಹೆಂಡತಿಯ ಎರಡನೇ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಪುಟ್ಟತಾಯಮ್ಮ ಬೆಳಿಗ್ಗೆ ಬೇಗ ಎದ್ದು, ಅದೇ ಸಿಂಕಿನಲ್ಲಿ ದೇವರ ದೀಪ ತಿಕ್ಕಿದರು. ಚಾಮರಾಜ ಎದ್ದು ಬರುವಷ್ಟರಲ್ಲಿ ಪೆನ್ನಿ ದೀಪಗಳ ನಡುವೆ ಕುಂಕುಮ ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತಿತ್ತು.

"ಎಷ್ಟ್ ಕಿಲುಬು ಹಿಡ್ದಿತ್ತು ಅಂತೀರಾ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಬಿಟ್ಟೆ," ಎಂದರು ಅತ್ತೆ. ಅವರ ಬೆರಳುಗಳ ಸಂದಿಯಲ್ಲಿ ಇನ್ನೂ ಹಸಿರು ಉಳಿದಿತ್ತು.

ಚಾಮರಾಜ ಖಾಲಿ ಬಟ್ಟಲನ್ನು ಎತ್ತಿಟ್ಟ. ಬಾಣಂತಿಗೂ ಕೂಸಿಗೂ ನೀರು ಹಾಕಿ, ಮೂರು ಹೊತ್ತು ಬೇಯಿಸಿ ಹಾಕುತ್ತಿರುವ ಜೀವಕ್ಕೆ ಏನೆಂದು ಹೇಳುವುದು?

ಹಿರಿಯ ಮಗಳು ಅನನ್ಯಾ ನಾಣ್ಯವನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. "ಡ್ಯಾಡ್, ವೇರ್ ಈಸ್ ದ ಕ್ವೀನ್?"

ರಾಣಿಯಿದ್ದ ಜಾಗ ಹೆಬ್ಬೆರಳಿನ ಉಗುರಿನಷ್ಟು ನುಣ್ಣಗಾಗಿತ್ತು.

"ಇನ್ಮೇಲೆ ಸಿಕ್ಕಿದ್ನೂ ನಂಗೇ ಕೊಡಿ, ತಿಕ್ಕಿ ಕೊಡ್ತೀನಿ," ಎಂದರು ಪುಟ್ಟತಾಯಮ್ಮ, ಕೈ ಒರೆಸಿಕೊಳ್ಳುತ್ತಾ.

"ಆಗ್ಲಿ ಅತ್ತೆ," ಎಂದ ಚಾಮರಾಜ.