ಮೊರದ ನೆರಳು

ಸಾಯುವಾಗ ತಲೆಯ ಮೇಲೆ ಸೂರು ಇರುತ್ತದೆ ಎಂದು ದೇವಿಕಾ ಮಾರೆಮ್ಮನಿಗೆ ಮಾತು ಕೊಟ್ಟಿದ್ದಳು. ಕೊಟ್ಟದ್ದು ಮಾನವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಡುಬೀದಿಯಲ್ಲಿ, ಮಾರೆಮ್ಮನ ಗಂಡನ ಹೆಣದ ಪಕ್ಕದಲ್ಲಿ ಕುಳಿತು.

ಆಗ ದೇವಿಕಾ ಇನ್ನೂ ಚಿಕ್ಕವಳು. ದೇವದುರ್ಗದವಳು. ಮನೆಯಿಲ್ಲದವರ ಆಶ್ರಯ ಕೇಂದ್ರ ನಡೆಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೀದಿಯಲ್ಲಿ ಮಲಗುವವರನ್ನು ಹುಡುಕಿಕೊಂಡು ಓಣಿ ಓಣಿ ತಿರುಗುವುದು ಅವಳ ಕೆಲಸ. ಅಂದು ಕಂಡದ್ದು ಕಂಬಳಿಯ ಮೇಲೆ ಮಲಗಿದ್ದ ಒಬ್ಬ ಮುದುಕ. ಕುರಿ ಕಾಯ್ದು ಕಾಯ್ದು ಕಪ್ಪಿಟ್ಟ ಮೈ, ಹೆಸರು ಪರಮಣ್ಣ. ಅವನ ಮುಖಕ್ಕೆ ಬಿಸಿಲು ಬೀಳದಂತೆ ಮೊರ ಹಿಡಿದು ಕುಳಿತಿದ್ದವಳು ಹೆಂಡತಿ ಮಾರೆಮ್ಮ. ಇಬ್ಬರ ಬೆನ್ನ ಹಿಂದೆಯೇ ಅವರ ಬಾಡಿಗೆ ಕೋಣೆ. ಅದರ ಬಾಗಿಲಿಗೆ ಮಾಲೀಕ ಬೀಗ ಜಡಿದಿದ್ದ.

ನಮ್ಮ ಕಡೆಯ ರೂಢಿ ತಿಳಿಯದವರಿಗೆ ಇಷ್ಟು ಹೇಳಬೇಕು. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಜೀವ ಹೋದರೆ ಆ ಮನೆಯ ಬಾಗಿಲಿಗೆ ಮುಳ್ಳು ಹಚ್ಚಿ ತಿಂಗಳುಗಟ್ಟಲೆ ಮುಚ್ಚಬೇಕು. ಮನೆಮಂದಿ ಬೇರೆ ಕಡೆ ಹೋಗಿ ಇರಬೇಕು. ಇದಕ್ಕೊಂದು ಉಪಾಯವನ್ನೂ ಹಿರಿಯರೇ ಮಾಡಿಟ್ಟಿದ್ದಾರೆ. ಉಸಿರು ಎಳೆಯತೊಡಗಿತೋ, ಮನುಷ್ಯನನ್ನೇ ಎತ್ತಿ ಹೊರಗೆ ಮಲಗಿಸಿಬಿಡುವುದು! ಅಂಗಳವಿದ್ದವರು ಅಂಗಳಕ್ಕೆ ತರುತ್ತಾರೆ. ಬಾಡಿಗೆಯವರಿಗೆ ಅಂಗಳ ಎಲ್ಲಿಂದ ಬರಬೇಕು? ಅವರಿಗೆ ಬೀದಿ. ಬಾಡಿಗೆ ಮನೆಯ ಮಾಲೀಕರಂತೂ ನಕ್ಷತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಗೋಜಿಗೂ ಹೋಗುವುದಿಲ್ಲ.

ಪರಮಣ್ಣ ಹಾಗೆಯೇ ಹೋದ. ಮಾರೆಮ್ಮ ಅಳಲಿಲ್ಲ. ಮೊರ ಕೆಳಗಿಟ್ಟು, "ಇವಗರ ನಾ ಮೊರ ಹಿಡದೆ. ನನಗ ಹಿಂದಿಲ್ಲ ಮುಂದಿಲ್ಲ. ನನಗ ಯಾರು ಹಿಡೀತಾರ ಯವ್ವಾ?" ಎಂದಳು.

"ನಿನಗ ಮೊರ ಬೇಕಾಗಂಗಿಲ್ಲ ಬೇ. ಸೂರು ಇರ್ತದ. ನನ್ನ ಮಾತದ," ಎಂದಳು ದೇವಿಕಾ. ವಯಸ್ಸು ಅಂಥದ್ದು, ಕಣ್ಣಲ್ಲಿ ನೀರೂ ಇತ್ತು.

ಅಂದಿನಿಂದ ಮಾರೆಮ್ಮ ಮಾನವಿಯ ಆಶ್ರಯ ಕೇಂದ್ರದ ಅಡುಗೆಮನೆ ಸೇರಿದಳು. ಜನ ಅದನ್ನು ಆಶ್ರಮ ಎಂದೇ ಕರೆಯುತ್ತಿದ್ದರು. ಮಾರೆಮ್ಮ ರೊಟ್ಟಿ ಬಡಿಯುವ ಸದ್ದಿಗೆ ಅಲ್ಲಿನವರು ಏಳುವುದು, ಅವಳ ಬೈಗುಳಕ್ಕೆ ಮೈ ತೊಳೆಯುವುದು. "ಬೀದ್ಯಾಗ ಬಿದ್ದಾಗ ಹಳಸಿದ್ದು ತಿಂದು ಸುಮ್ನಿದ್ದಿ, ಈಗ ಪಲ್ಯಾಕ ಉಪ್ಪು ಕಮ್ಮಿ ಆತೇನು ನವಾಬಾ?" ಎಂದು ಬೈಯುತ್ತಲೇ ಉಪ್ಪು ತಂದಿಡುತ್ತಿದ್ದಳು.

ವರ್ಷಗಳು ಉರುಳಿದವು. ದೇವಿಕಾ ಮೇಲೇರಿದಳು. ರಾಯಚೂರು, ದೇವದುರ್ಗ, ಮಾನವಿ ಮೂರೂ ಕೇಂದ್ರಗಳಿಗೆ ಅವಳೇ ನಿರ್ದೇಶಕಿಯಾದಳು. ಜೀಪು ಬಂತು, ಸಭೆಗಳು ಬಂದವು, ಹೆಗಲಿಗೆ ಶಾಲು ಬಂತು. ಆದರೆ ಮಾನವಿಯ ಕೇಂದ್ರ ತಾನಿದ್ದ ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಬೇರೆ ಜಾಗ ಕೊಡುವವರು ಮಾತ್ರ ಸಿಗಲಿಲ್ಲ. ಕೊನೆಗೆ ಅಕ್ಕಿ ಗಿರಣಿಯ ವಿರೂಪಣ್ಣ ಸಾಹುಕಾರರು ತಮ್ಮ ಹಳೆಯ ಗೋದಾಮು ಕೊಟ್ಟರು. ದೈವಭಕ್ತರು, ತಿಂಗಳು ತಿಂಗಳು ಅಕ್ಕಿಯನ್ನೂ ಕಳಿಸುವವರು. ಷರತ್ತು ಒಂದೇ.

"ಇರ್ಲಿ, ಉಣ್ಲಿ, ಮಲಗ್ಲಿ. ನನ್ನ ಸೂರಿನ ಕೆಳಗ ಸಾಯೋದು ಮಾತ್ರ ಬ್ಯಾಡ್ರಿ ಮೇಡಂರ."

ಮೊದಲು ಸೂರು ಸಿಗಲಿ, ಬುದ್ಧಿ ಆಮೇಲೆ ಹೇಳಿದರಾಯಿತು ಎಂದುಕೊಂಡು ದೇವಿಕಾ, "ಆತ್ರಿ," ಎಂದಳು.

ಆ ಆಮೇಲೆ ಬರಲೇ ಇಲ್ಲ. ಕೇಂದ್ರದಲ್ಲಿ ಯಾರಿಗಾದರೂ ಉಸಿರು ಎಳೆಯತೊಡಗಿದರೆ ಸಿಬ್ಬಂದಿ ಕೂಡಲೇ ಹೊರಗೆ ಒಯ್ಯುತ್ತಿದ್ದರು. ದೇವಿಕಾ ಅದಕ್ಕೆ 'ಶಿಫ್ಟ್' ಎಂದು ಹೆಸರಿಟ್ಟಳು. ಹೆಸರು ಬಂದ ಮೇಲೆ ಕೆಲಸ ಹಗುರವಾಯಿತು, ಉಳಿದೆರಡು ಕೇಂದ್ರಗಳಿಗೂ ಹಬ್ಬಿತು. ಕೆಲವರು ಆಸ್ಪತ್ರೆ ಮುಟ್ಟಿದರು, ಕೆಲವರು ದಾರಿಯಲ್ಲಿ ಹೋದರು, ಕೆಲವರು ಗೇಟಿನ ಹೊರಗೇ. ವರ್ಷದ ಕೊನೆಗೆ ಸಭೆಯಲ್ಲಿ ದೇವಿಕಾ ಎದ್ದು ನಿಂತು, "ನಮ್ಮ ಕೇಂದ್ರಗಳಲ್ಲಿ ಈ ವರ್ಷವೂ ಒಂದೂ ಸಾವು ಸಂಭವಿಸಿಲ್ಲ," ಎಂದು ಓದುತ್ತಿದ್ದಳು. ಚಪ್ಪಾಳೆ ಬೀಳುತ್ತಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಯಾರನ್ನಾದರೂ ಹೊರಗೊಯ್ಯುವಾಗ ಮಾರೆಮ್ಮ ಅಡುಗೆಮನೆಯಿಂದ ಬರುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗುತ್ತಿತ್ತು. ಆಮೇಲೆ ಆಯಾ ನೂರ್ ಬೀ ಕಣ್ಣೊರೆಸಿಕೊಳ್ಳುತ್ತ ಬಂದು ಒಲೆಯ ಮುಂದೆ ಕುಳಿತರೆ, "ನಂದು ಹಂಗಲ್ಲ ಬೇ. ನನಗ ದೇವಿ ಮಾತು ಕೊಟ್ಟಾಳ," ಎನ್ನುತ್ತಿದ್ದಳು. ದೇವಿಕಾ ಅವಳ ಬಾಯಲ್ಲಿ ದೇವಿ. ಎಲ್ಲರ ಮುಂದೆಯೂ ಹೇಳಿಕೊಂಡಿದ್ದಳು, ಮಗಳಿಗೆ ಒಳ್ಳೆಯ ಸಂಬಂಧ ಕುದುರಿದವಳ ಹಾಗೆ.

ಕಳೆದ ಬೇಸಗೆಯಲ್ಲಿ ಮಾರೆಮ್ಮನಿಗೆ ಹೊಟ್ಟೆ ನೀರು ತುಂಬಿ ಉಬ್ಬಿತು. ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು. ಕೊನೆಗೆ ಡಾಕ್ಟರು, "ಇನ್ನ ನಮ್ಮ ಕೈಲಿ ಏನಿಲ್ಲ. ಮನಿಗೆ ಕರ್ಕೊಂಡು ಹೋಗಿ ಸಮಾಧಾನದಿಂದ ಇಟ್ಕೊಳ್ರಿ," ಎಂದರು. ಅವಳ ಮನೆ ಎಂದರೆ ಆ ಗೋದಾಮೇ. ನೂರ್ ಬೀ ಕಿಟಕಿಯ ಪಕ್ಕ ಹಾಸಿಗೆ ಹಾಸಿದಳು.

ಒಂದು ಬೆಳಿಗ್ಗೆ ನೂರ್ ಬೀ ಫೋನು ಮಾಡಿದಳು. ದೇವಿಕಾ ರಾಯಚೂರಿನಿಂದ ಮಾನವಿಗೆ ಬಂದಿಳಿದಾಗ ಮಾರೆಮ್ಮನ ಉಸಿರು ಆಗಲೇ ಮೇಲ್ಮೇಲೆ ಇತ್ತು. ಬಾಯಿ ಮಾತ್ರ ಇನ್ನೂ ಗಟ್ಟಿ.

"ಒಳಗ ಹಿಟ್ಟು ಯಾರು ನಾದಾಕತ್ತಾರ, ದೇವೀ? ಸಪ್ಪಳ ಕೇಳಿದ್ರ ಸಿಮಿಟು ಕಲಸಿದಂಗದ. ಆ ರೊಟ್ಟಿ ತಿಂದ್ರ ನನಕಿಂತ ಮೊದಲ ನೀವೇ ಹೋಗ್ತೀರಿ."

ದೇವಿಕಾ ನಕ್ಕಳು. ಅಷ್ಟರಲ್ಲಿ ಹೊರಗೆ ವಿರೂಪಣ್ಣನವರ ಕಾರು ನಿಂತ ಸದ್ದು. ಅವರು ಹೊಸಿಲು ದಾಟಲಿಲ್ಲ. ದೇವಿಕಾಳನ್ನೇ ಹೊರಗೆ ಕರೆಸಿದರು.

"ಮುದುಕಿದು ಮುಗ್ಯಾಕ ಬಂತಂತ?"

"ಹೌದ್ರಿ ಸಾವಕಾರ್ರ. ಸಾಯಂಕಾಲ ನೋಡ್ತಾಳೋ ಇಲ್ಲೋ."

"ಇವತ್ತು ಧನಿಷ್ಠಾ ಪಂಚಕ ಹಿಡದದ. ಐದು ನಕ್ಷತ್ರ ದಾಟೋ ತನಕ ಒಂದು ಇಲಿ ಸತ್ರೂ ನನಗ ಎದಿ ಡವಡವ ಅಂತದ. ಹೊರಗ ತರಸ್ರಿ."

"ಶರಣರ ಹಾದಿ ಹಿಡದೋರ ಮನ್ಯಾಗ ಸೂತಕ ಇಲ್ಲಂತಾರಲ್ರಿ? ನೀವೇ ಪುರಾಣ ಹಚ್ಚಿಸ್ತೀರಿ, ನೀವೇ ಪ್ರಸಾದ ಮಾಡಸ್ತೀರಿ."

"ಶರಣರ ಮಾತು ಶ್ರಾವಣದ ಪುರಾಣಕ್ಕ ಮೇಡಂರ. ಸಂಸಾರಕ್ಕ ಪಂಚಾಂಗ ಬೇಕು."

"ಸಾಯೋ ಮನಷ್ಯಾಳನ್ನ ಬಿಸಿಲಿಗೆ ಹಾಕಂತ ಯಾವ ಪಂಚಾಂಗದಾಗ ಅದ್ರಿ? ನಕ್ಷತ್ರ ಮ್ಯಾಲ ಅದ. ಗೋದಾಮಿನ ಗ್ವಾಡಿ ಒಳಗಿನ ಜೀವ ಹೊರಗಿನ ಜೀವ ಅಂತ ಅದಕ್ಕೇನು ಗೊತ್ತಾಗ್ತದ?"

ವಿರೂಪಣ್ಣನವರಿಗೆ ಸಿಟ್ಟು ಬರಲಿಲ್ಲ. ಟೋಪಿ ತೆಗೆದು ಬೆವರೊರೆಸಿಕೊಂಡರು. "ನನ್ನ ಹಡದವ್ವನ್ನ ದನದ ಕೊಟಗಿಗೆ ಒಯ್ದು ಮಲಗಿಸಿದ್ದೆ, ತಂಗಿ. ಇದೇ ಕೈ. 'ಒಳಗ ಒಯ್ಯೋ ವಿರೂಪಾ, ಒಳಗ ಒಯ್ಯೋ' ಅಂತಿದ್ಲು. ಒಯ್ಯಲಿಲ್ಲ. ಮನಿ ಉಳೀತು, ಗಿರಣಿ ಉಳೀತು. ಹಡದಾಕಿಗಿ ಮಾಡಲಾರದ್ದು ಹಾದಿಯಾಕಿಗಿ ಮಾಡ್ಲೇನು? ಒಳಗ ಹೋತೋ, ನಾಳಿ ಗೋದಾಮಿಗಿ ಮುಳ್ಳು ಹಚ್ಚಬೇಕಾಗ್ತದ. ನಿಮ್ಮ ಮಂದಿನ್ನೆಲ್ಲಾ ಎಲ್ಲಿಗಿ ಒಯ್ತೀರಿ?"

ದೇವಿಕಾ ಹೊಸಿಲ ಕಡೆ ತಿರುಗಿದಳು. ಒಳಗೆ ಬಂದು ನೂರ್ ಬೀಯನ್ನು ಅಡುಗೆಮನೆಗೆ ಕರೆದಳು. "ಎಲ್ಲಾರೂ ಬೀದಿಗೆ ಬೀಳ್ತಾರ ನೂರ್ ಬೀ. ಒಬ್ಬಾಕಿ ಸಲುವಾಗಿ..."

"ಎಲ್ಲಾರೂ ಒಬ್ಬೊಬ್ಬರಾಗೇ ಸಾಯೋದು ಮೇಡಂ," ಎಂದಳು ನೂರ್ ಬೀ. "ಒಬ್ಬೊಬ್ಬರನ್ನ ಹೊರಗ ಹಾಕ್ಕೋತ ಹೋದ್ರ ಕಡೀಗೆ ಉಳಿಸಿದ್ದು ಯಾರನ್ನ? ಗೋದಾಮನ್ನ." ಸೆರಗಿಗೆ ಕೈ ಒರೆಸಿಕೊಂಡು, "ನಮ್ಮ ಮನಿಗೆ ಒಯ್ಯೋಣು. ಒಂದೇ ಖೋಲಿ ಅದ, ಆದ್ರ ಸ್ವಂತದ್ದದ. ನಮ್ಮಲ್ಲಿ ಮೌತ್ ಆದ್ರ ಬಾಗ್ಲಾ ತೆರೀತೀವಿ, ಮುಚ್ಚಂಗಿಲ್ಲ," ಎಂದಳು.

ದೇವಿಕಾ ಒಂದು ಕ್ಷಣ ಅದನ್ನು ಮನಸ್ಸಿನಲ್ಲಿ ತೂಗಿದಳು. ಕುರುಬರ ಮುದುಕಿ ಸಾಬರ ಮನೆಯಲ್ಲಿ ಸತ್ತಳು ಎಂಬ ಸುದ್ದಿ ಊರಲ್ಲಿ ಹೇಗೆ ತಿರುಗುತ್ತದೆ, ಯಾರು ಬಂದು ಏನು ಕೂಗುತ್ತಾರೆ, ಸಂಸ್ಥೆಯ ಹಿರಿಯರು ಏನೆನ್ನುತ್ತಾರೆ ಎಲ್ಲವೂ ಕಣ್ಣ ಮುಂದೆ ಬಂತು. ಮೇಲೇರಿದವರಿಗೆ ಇಂಥದ್ದು ಬೇಗ ಕಾಣುತ್ತದೆ. "ಬ್ಯಾಡ. ನಾಳಿ ನಿನಗೇ ತ್ರಾಸ," ಎಂದಳು.

"ಹಂಗಾರ ನಿಮ್ಮ ಮನಿಗೆ ಒಯ್ರಿ."

ಅದು ಮಾತ್ರ ದೇವಿಕಾಳಿಗೆ ಹೊಳೆದಿರಲಿಲ್ಲ. ರಾಯಚೂರಿನಲ್ಲಿ ಅವಳದು ಸ್ವಂತ ಮನೆ, ಮೊನ್ನೆ ಮೊನ್ನೆ ಗೃಹಪ್ರವೇಶ ಆದದ್ದು. ಅಡುಗೆಮನೆಯ ಮೂಲೆಗೆ ಹೋಗಿ ಗಂಡ ಹನುಮೇಶನಿಗೆ ಫೋನು ಮಾಡಿದಳು.

ಅವನು ಪೂರ್ತಿ ಕೇಳಿಸಿಕೊಂಡ. "ನೀ ನಂಬಂಗಿಲ್ಲ, ನಾನೂ ನಂಬಂಗಿಲ್ಲ. ಅಪ್ಪ ನಂಬ್ತಾನಲ್ಲ? ಜೀವ ಹೋದ್ರ ಆತ ಮನ್ಯಾಗ ಕಾಲಿಡಂಗಿಲ್ಲ. ಹೊಸ ಮನಿ ಮುಚ್ಚಿ ನಾವೆಲ್ಲಾ ಎಲ್ಲಿಗಿ ಹೋಗೋದು ಹೇಳು? ನಿನ್ನ ಆಶ್ರಮಕ್ಕೇನು?" ಎಂದು ನಕ್ಕ.

ದೇವಿಕಾ ಫೋನು ಇಟ್ಟಳು. ಎದೆ ಹಗುರವಾಗಿತ್ತು. ಗಂಡ ಬೇಡವೆಂದದ್ದಕ್ಕೆ ದುಃಖವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ತಾನು ಹೇಳಬೇಕಾದದ್ದನ್ನು ಅವನು ಹೇಳಿಬಿಟ್ಟಿದ್ದ, ಅಷ್ಟೆ. ವರ್ಷಗಟ್ಟಲೆ ಬೇರೆಯವರ ಹೊಸಿಲಿನಲ್ಲಿ ನಿಂತು ಬುದ್ಧಿ ಹೇಳಿದವಳಿಗೆ ತನ್ನ ಹೊಸಿಲು ಅಂದೇ ಎದುರು ಬಂದದ್ದು.

ಹೊರಗೆ ಬಂದು ಸಿಬ್ಬಂದಿಗೆ, "ಶಿಫ್ಟ್ ಮಾಡ್ರಿ," ಎಂದಳು.

"ಎಲ್ಲಿಗ್ರಿ?" ಎಂದು ಒಬ್ಬ ಕೇಳಿದ. ಆಸ್ಪತ್ರೆಯವರೇ ಕಳಿಸಿದ್ದರಲ್ಲ.

ದೇವಿಕಾ ಗೇಟಿನ ಕಡೆ ಕೈ ತೋರಿಸಿದಳು.

ಹಾಸಿಗೆಯ ಸಮೇತ ಎತ್ತಿದರು. ಮತ್ತೆ ದವಾಖಾನೆಗೆ ಎಂದುಕೊಂಡಳು ಮಾರೆಮ್ಮ. ಬಾಗಿಲಿನ ಹತ್ತಿರ ಬಿಸಿಲಿನ ಝಳ ಮುಖಕ್ಕೆ ಹೊಡೆದಾಗ ತಿಳಿಯಿತು. ಒಂದು ಕೈ ಎತ್ತಿ ಬಾಗಿಲ ಚೌಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ, ಸಾಯುವಾಗಲೂ ಗಟ್ಟಿ. ಹಾಸಿಗೆ ಹೊತ್ತವರು ನಿಂತರು. ಯಾರಿಗೂ ಆ ಕೈ ಬಿಡಿಸುವ ಧೈರ್ಯವಾಗಲಿಲ್ಲ. ನೂರ್ ಬೀ ಮುಖ ತಿರುಗಿಸಿದಳು.

ದೇವಿಕಾ ಮುಂದೆ ಬಂದು ಒಂದೊಂದೇ ಬೆರಳು ಬಿಡಿಸಿದಳು.

"ಇಲ್ಲೇ ಗೇಟಿನ ತನಕ ಯವ್ವಾ. ಗಾಳಿ ಬರ್ತದ," ಎಂದಳು.

ಗೇಟಿನ ಹೊರಗೆ ಗಿಡವಿರಲಿಲ್ಲ. ಗೋಡೆಯ ನೆರಳು ಆ ಹೊತ್ತಿಗೆ ಗೋಡೆಯ ಕಾಲಡಿಯಲ್ಲೇ ಮುದುಡಿತ್ತು. ಮಾನವಿಯ ಏಪ್ರಿಲ್ ಬಿಸಿಲು. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತುತ್ತಿತ್ತು. ಸಿಂಧನೂರಿನ ಬಸ್ಸೊಂದು ಧೂಳೆಬ್ಬಿಸುತ್ತ ಹೋಯಿತು. ಮಾರೆಮ್ಮ ಕಣ್ಣು ಮುಚ್ಚಿ ಮುಖ ಅತ್ತಿತ್ತ ಹೊರಳಿಸಿದಳು, ಬಿಸಿಲು ಬಿಡಲಿಲ್ಲ. ದೇವಿಕಾ ಅತ್ತಿತ್ತ ನೋಡಿದಳು, ಒಳಗೆ ಓಡಿದಳು, ಅಡುಗೆಮನೆಯಲ್ಲಿ ಕೈಗೆ ಸಿಕ್ಕದ್ದನ್ನು ತಂದು ಅವಳ ಮುಖದ ಮೇಲೆ ಅಡ್ಡ ಹಿಡಿದಳು.

ನೆರಳು ಬಿದ್ದಾಗ ಮಾರೆಮ್ಮ ಕಣ್ಣು ತೆರೆದಳು. ಮೇಲೆ ನೋಡಿದಳು.

"ಮೊರ ಹಿಡದೀಯೇನು, ದೇವೀ?"

ದೇವಿಕಾ ಮೊರವನ್ನು ಇನ್ನಷ್ಟು ಕೆಳಗೆ ತಂದು ಹಿಡಿದಳು.

"ಚಲೋ ಆತು," ಎಂದಳು ಮಾರೆಮ್ಮ. "ಯಾರೂ ಇಲ್ಲಂದಿದ್ದೆ. ನೀ ಅದೀ."

ಬಿಸಿಲು ಇಳಿಯುವ ಮೊದಲೇ ಉಸಿರು ನಿಂತಿತು.

ವಿರೂಪಣ್ಣನವರು ದೊಡ್ಡ ಹೂವಿನ ಹಾರ ಕಳಿಸಿದರು, ದಫನ್ನಿನ ವ್ಯವಸ್ಥೆ ತಾವೇ ಮಾಡಿಸಿದರು. ಗೋದಾಮಿಗೆ ಮುಳ್ಳು ಹಚ್ಚಲಿಲ್ಲ. ಹೊಸಬಳು ಬಡಿದ ರೊಟ್ಟಿ ದಪ್ಪವಾಗಿತ್ತು. ಯಾರೂ ಏನೂ ಅನ್ನದೆ ತಿಂದರು.

ಮಣ್ಣು ಕೊಟ್ಟು ಹಿಂದಿರುಗಿದ ದೇವಿಕಾ ಒಳಗೆ ಕಾಲಿಡಹೋದಾಗ ನೂರ್ ಬೀ ಹೊಸಿಲಿನ ಮೇಲೆ ಅಡ್ಡ ಕುಳಿತಿದ್ದಳು.

"ಎದ್ದು ಹಾದಿ ಬಿಡು, ನೂರ್ ಬೀ."

"ಒಳಗ ಬರಾಕ ಬಿಡ್ತೀನಿ ಮೇಡಂ, ದಾಟ್ರಿ," ಎಂದಳು ನೂರ್ ಬೀ, ಏಳದೆ. "ಇನ್ನ ಮುಂದ ಯಾರನ್ನರ ಹೊರಗ ಒಯ್ಯಬೇಕಾದ್ರ ಮೊದಲ ನನ್ನ ಎತ್ತಬೇಕು. ಸಾವಕಾರ್ರಿಗಿ ಹೇಳ್ರಿ. ನೀವೂ ತಿಳ್ಕೋರಿ."

ಒಳಗೆ, ಸಾಲು ಹಾಸಿಗೆಗಳಲ್ಲಿ ಮಲಗಿದ್ದವರೆಲ್ಲ ಎದ್ದು ಕುಳಿತು ಬಾಗಿಲ ಕಡೆಗೇ ನೋಡುತ್ತಿದ್ದರು. ದೇವಿಕಾ ದಾಟಲಿಲ್ಲ. ಜೀಪು ಹತ್ತಿ ರಾಯಚೂರಿಗೆ ಹೋದಳು.

ವರ್ಷದ ಸಭೆಯಲ್ಲಿ ಅವಳು ಎದ್ದು ನಿಂತು ಓದಿದಳು: ಕೇಂದ್ರಗಳಲ್ಲಿ ಈ ವರ್ಷವೂ ಒಂದೂ ಸಾವು ಸಂಭವಿಸಿಲ್ಲ. ಚಪ್ಪಾಳೆ ಬಿತ್ತು.

ಮಾರೆಮ್ಮನಿಗೆ ಕೊಟ್ಟ ಮಾತನ್ನು ದೇವಿಕಾ ಉಳಿಸಿಕೊಳ್ಳಲಿಲ್ಲ.